ಬಾಲದ ಎರಡು ಚೂರು

ಕರಂಬಾ ಕೊಲ್ಲಿಯ ಮೀನುಗಾರರ ಕ್ಲಬ್ಬಿನಲ್ಲಿ ತಕ್ಕಡಿ ಎಂದರೆ ಕ್ಲೈವ್ ಪೆಥರಿಕ್. ಅಧ್ಯಕ್ಷರು ಬಂದರು, ಹೋದರು. ತಕ್ಕಡಿ ಮಾತ್ರ ಅವನ ಕೈ ಬಿಡಲಿಲ್ಲ. ದೋಣಿ ರಿಪೇರಿ ಮಾಡಿ ಬದುಕಿದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಆದರೆ ಮೀನು ಹಿಡಿಯುವ ಸ್ಪರ್ಧೆಯ ದಿನ ರಬ್ಬರ್ ಏಪ್ರನ್ ಕಟ್ಟಿಕೊಂಡು ಜೆಟ್ಟಿಯ ಮೇಜಿನ ಹಿಂದೆ ನಿಂತನೆಂದರೆ ನ್ಯಾಯಾಧೀಶನ ಗತ್ತು. ಮೀನು ಮೇಜಿಗೆ ಬೀಳುವಷ್ಟರಲ್ಲಿ ಅದರ ಹೆಸರು ಹೇಳಿ ಮುಗಿಸುತ್ತಿದ್ದ. ತೂಕದ ಮೇಜಿನಲ್ಲಿ ಆಡಿದ ಮಾತೇ ಕೊನೆ ಎಂದು ಕ್ಲಬ್ಬಿನ ನಿಯಮ. ಅದನ್ನು ಹಟ ಹಿಡಿದು ಮಾಡಿಸಿದವನೂ ಅವನೇ.

ತೂಕಕ್ಕೆ ಬಂದ ಮೀನಿನ ಬಾಲದ ಎರಡೂ ತುದಿ ಕತ್ತರಿಸುವುದು ಅಲ್ಲಿನ ರೂಢಿ. ಇಲ್ಲದಿದ್ದರೆ ಶನಿವಾರ ತೂಗಿಸಿದ ಮೀನನ್ನೇ ಐಸಿನಲ್ಲಿಟ್ಟು ಭಾನುವಾರ ಹೊಸದೆಂದು ತರುವ ಪುಣ್ಯಾತ್ಮರು ಊರಲ್ಲಿ ಕಡಿಮೆಯಿರಲಿಲ್ಲ. ಮೊದಲೆಲ್ಲ ಕ್ಲೈವ್ ನೋಡಿ, ತೂಗಿ, ಆಮೇಲೆ ಕತ್ತರಿಸುತ್ತಿದ್ದ. ಈಚೆಗೆ ಮೊದಲೇ ಕತ್ತರಿ ಆಡಿಸುತ್ತಿದ್ದ. ಕಣ್ಣು ಮಂಜಾಗಿತ್ತು, ಕೈಯಾದರೂ ಚುರುಕಾಗಿದೆ ಎಂದು ತೋರಿಸಬೇಕಲ್ಲ. ಕನ್ನಡಕ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಮೂಗಿಗೇರಿಸಿದರೆ ಮುದುಕನಾದ ಎಂದು ತಕ್ಕಡಿ ಕಿತ್ತುಕೊಂಡಾರೆಂಬ ಭಯ ಅವನಿಗೆ.

ಆ ಶನಿವಾರ ಬ್ರೋನಿ ಟಲ್ಲಕ್ ಸಾಲಿನಲ್ಲಿ ನಿಂತಿದ್ದಳು. ಕ್ಯಾರವಾನ್ ಪಾರ್ಕಿನಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಕ್ಲಬ್ಬಿಗೆ ಸೇರಿ ಇನ್ನೂ ಮೊದಲನೇ ವರ್ಷ. ಮೀನನ್ನು ಮೇಜಿನ ಮೇಲಿಡುವಾಗ ಅವಳ ಮುಖ ಅರಳಿತ್ತು.

"ಜೂಫಿಷ್," ಎಂದ ಕ್ಲೈವ್. ಕಟಕ್ ಕಟಕ್ಕೆಂದು ಬಾಲದ ತುದಿಗಳು ಹಾರಿದವು. ಚೂರುಗಳನ್ನು ಏಪ್ರನ್ನಿನ ಜೇಬಿಗೆ ತುರುಕಿದ. "ಅಳತೆಗೆ ಕಮ್ಮಿ ಇದೆ. ಇಂಥ ಮರೀನ ಹೊತ್ಕೊಂಡು ಬಂದಿದೀಯಲ್ಲ, ನಾಚಿಕೆ ಆಗಲ್ವೇನಮ್ಮ?"

"ಜೂಫಿಷ್ ಅಲ್ಲ ಕ್ಲೈವ್, ಅದರ ಹಾಗೇ ಕಾಣೋ ಟ್ರ್ಯಾಗು! ಟ್ರ್ಯಾಗಿಗೆ ಈ ಅಳತೆ ಸಾಕು. ಬಾಲದ ಅಂಚು ನೋಡಿ, ಒಳಕ್ಕೆ ಬಾಗಿದೆ."

ಕ್ಲೈವ್ ಬಗ್ಗಿ ನೋಡಿದ. "ನೆಟ್ಟಗಿದೆ."

"ತುದಿ ಕತ್ತರಿಸಿದ್ರೆ ನೆಟ್ಟಗಾಗದೆ ಇನ್ನೇನಾಗತ್ತೆ? ಬಾಯಾದ್ರೂ ತೆಗೆದು ನೋಡಿ. ಒಳಗೆ ಹಳದಿ ಇದೆ."

ಅಷ್ಟರಲ್ಲಿ ಕ್ಲೈವ್ ಮೀನನ್ನು ಬಕೆಟ್ಟಿಗೆ ಎಸೆದಾಗಿತ್ತು. ಅಧ್ಯಕ್ಷ ನೆವ್ ಬಿಯರ್ ಡಬ್ಬಿ ಹಿಡಿದು ನಕ್ಕ. "ಟ್ರ್ಯಾಗಂತೆ! ಈ ಕಡೆ ಟ್ರ್ಯಾಗ್ ಕಂಡು ಯಾವ ಕಾಲ ಆಯ್ತು? ಕದ್ದ ಮರಿಗೆ ಒಳ್ಳೇ ಹೆಸರು ಇಟ್ಟಿದೀಯ ಬಿಡು."

ಸಾಲೆಲ್ಲ ನಕ್ಕಿತು. ಆ ಊರಿನಲ್ಲಿ ಅಳತೆ ಮುಟ್ಟದ ಜೂಫಿಷ್ ಮರಿಯನ್ನು ನೀರಿಗೆ ಬಿಡದೆ ಇಟ್ಟುಕೊಂಡವರನ್ನು ಕಳ್ಳರಂತೆ ಕಾಣುತ್ತಾರೆ. ಬಾರಿನಲ್ಲಿ ಪಕ್ಕದ ಕುರ್ಚಿಗೂ ಯಾರೂ ಬರುವುದಿಲ್ಲ. ಬ್ರೋನಿ ಖಾಲಿ ಡಬ್ಬ ಎತ್ತಿಕೊಂಡು ಹೋದಳು.

ಅಳತೆಗೆ ಕಮ್ಮಿಯಾದ ಮೀನನ್ನು ಯಾರೂ ತಿನ್ನಬಾರದು. ಕ್ಲೈವ್ ಒಯ್ದು ತನ್ನ ಹಿತ್ತಲಿನ ನಿಂಬೆ ಗಿಡದ ಬುಡಕ್ಕೆ ಹೂಳುತ್ತಿದ್ದ. ಸಂಜೆ ಗುಂಡಿ ತೋಡಲು ಕನ್ನಡಕ ಹಾಕಿಕೊಂಡ. ಅಲ್ಲಿ ನೋಡುವವರು ಯಾರಿದ್ದರು? ಮೀನನ್ನು ಎತ್ತಿದಾಗ ಬಾಯಿ ತಾನಾಗಿ ತೆರೆಯಿತು. ಒಳಗೆಲ್ಲ ಅರಿಸಿನ ಬಳಿದ ಹಾಗೆ ಹಳದಿ.

ಕ್ಲೈವ್ ಗುದ್ದಲಿ ಕೆಳಗಿಟ್ಟ. ಏಪ್ರನ್ ಜೇಬು ತಡಕಿ, ಅಂದಿನ ಚೂರುಗಳನ್ನೆಲ್ಲ ಕಲ್ಲಿನ ಮೇಲೆ ಸುರುವಿ, ಒಂದೊಂದಾಗಿ ಬಾಲಕ್ಕೆ ಹಿಡಿದು ನೋಡಿದ. ಕೊನೆಗೆ ಎರಡು ಕೂಡಿದವು. ಬಾಲ ಒಳಕ್ಕೆ ಬಾಗಿತು. ಹುಡುಗನಾಗಿದ್ದಾಗ ದೋಣಿ ತುಂಬಿ ಬರುತ್ತಿದ್ದ ಮೀನು ಇದು. ಕೊಲ್ಲಿಗೆ ತಿರುಗಿ ಬಂದಿದೆ. ತಂದವಳನ್ನು ತಾನು ಊರೆದುರು ಕಳ್ಳಿ ಮಾಡಿದ್ದೇನೆ. ಕ್ಲೈವ್ ಗುಂಡಿಯ ಪಕ್ಕ ಕುಳಿತುಬಿಟ್ಟ. ಇವತ್ತೇ ಅವಳ ಮನೆಗೆ ಹೋಗಬೇಕಿತ್ತು. ನಾಚಿಕೆಯಿಂದ ಕಾಲೇ ಬರಲಿಲ್ಲ.

ಮಾರನೇ ದಿನ ಬಹುಮಾನದ ಊಟಕ್ಕೆ ಮೀನನ್ನು ಐಸಿನಲ್ಲಿಟ್ಟು ಒಯ್ದ. ಬ್ರೋನಿ ಕ್ಲಬ್ಬು ಬಿಟ್ಟು ಸದಸ್ಯರ ಕೀಲಿ ಹಿಂತಿರುಗಿಸಲು ಬಂದು ಬಾಗಿಲ ಬಳಿ ನಿಂತಿದ್ದಳು. ಸಾಸೇಜಿನ ತಟ್ಟೆಗಳ ನಡುವೆ ಕ್ಲೈವ್ ಎದ್ದು ನಿಂತ.

"ನಿನ್ನೆ ನಾನು ಹೇಳಿದ್ದು ತಪ್ಪು. ಇದು ಟ್ರ್ಯಾಗೇ. ಬ್ರೋನಿ ಹೇಳಿದ್ದೇ ಸರಿ."

ನೆವ್ ಅವನ ಬೆನ್ನು ತಟ್ಟಿದ. "ನೋಡ್ರಪ್ಪ ಇವನ ದೊಡ್ಡ ಮನಸ್ಸು! ಹೆಂಗಸು ಬೇಜಾರಾದ್ಲು ಅಂತ ಕರಗಿಹೋದ."

"ಮನಸ್ಸೂ ಇಲ್ಲ ಮಣ್ಣೂ ಇಲ್ಲ ಕಣೋ! ಬಾಯಿ ನೋಡು."

ರಾತ್ರಿಯೆಲ್ಲ ಐಸಿನಲ್ಲಿದ್ದ ಬಾಯಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಚೂರುಗಳನ್ನು ತೋರಿಸಿದರೆ, "ನಿನ್ನ ಜೇಬಲ್ಲಿ ಊರ ಮೀನಿನ ಬಾಲ ಎಲ್ಲಾ ಇರತ್ತೆ ಬಿಡು," ಎಂದು ಮತ್ತೆ ನಗು. ಇಷ್ಟು ವರ್ಷ ತಪ್ಪು ಮಾಡದವನು ಎಂಬ ಹೆಸರು ಇವತ್ತು ಅವನ ಕುತ್ತಿಗೆಗೇ ಬಂದಿತ್ತು. ಅವನು ತಪ್ಪು ಮಾಡಿದನೆಂದು ಅವನೇ ಹೇಳಿದರೂ ಯಾರೂ ಒಪ್ಪಲೊಲ್ಲರು.

"ಬ್ರೋನಿ, ನೀನಾದ್ರೂ ಬಂದು ಹೇಳಮ್ಮ," ಎಂದ. ಬೇಡುವ ದನಿಯಾಗಿತ್ತು ಅದು.

ಬ್ರೋನಿ ಬಂದಳು. ಚೂರುಗಳನ್ನು ಬಾಲಕ್ಕೆ ಹೊಂದಿಸಿದಳು. ಕತ್ತರಿಯ ಗೆರೆಗೆ ಗೆರೆ ಕೂಡಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನೆವ್ ಕೆಮ್ಮಿ, "ಆದ್ರೂ ಮೇಜಿನ ಮಾತು ಮೇಜಿನ ಮಾತೇ. ನಿಯಮ ಇದೆಯಲ್ಲ," ಎಂದು ಗೊಣಗಿದ.

"ಟ್ರ್ಯಾಗು ಅಂತ ನಾನೂ ನಿನ್ನೆ ಮೇಜಿನಲ್ಲೇ ಹೇಳಿದ್ದೆ," ಎಂದಳು ಬ್ರೋನಿ.

ಕ್ಲೈವ್ ಜೇಬಿನಿಂದ ತನ್ನ ಕತ್ತರಿ ತೆಗೆದು ಅವಳ ಕಡೆ ಚಾಚಿದ. "ಇನ್ಮೇಲೆ ತಕ್ಕಡಿ ನೀನೇ ನೋಡ್ಕೋ. ನಂಗೆ ಆ ಯೋಗ್ಯತೆ ಇಲ್ಲ."

"ನಂಗೆ ಬೇಡ. ಕನ್ನಡಕ ನಿನ್ನೆಯೂ ನಿಮ್ಮ ಜೇಬಲ್ಲೇ ಇತ್ತು. ನಾನು ನೋಡ್ದೆ. ಅದನ್ನ ಹಾಕ್ಕೊಂಡಿದ್ರೆ ಸಾಕಿತ್ತು."

ಕ್ಲಬ್ಬು ಅವಳಿಗೆ ಕೀಲಿ ಮರಳಿಸಿತು, ಬಹುಮಾನ ಕೊಡಲಿಲ್ಲ. ತಕ್ಕಡಿಗೆ ಬೇರೆ ಯಾರೂ ಸಿಗದೆ ಕ್ಲೈವ್‌ನೇ ಉಳಿದ. ಈಗ ದಾರ ಕಟ್ಟಿದ ಕನ್ನಡಕ ಅವನ ಮೂಗಿನ ಮೇಲೇ ಇರುತ್ತದೆ. ಕತ್ತರಿ ಎಲ್ಲಕ್ಕಿಂತ ಕೊನೆಗೆ. ಬ್ರೋನಿಯೂ ಸಾಲಿನಲ್ಲಿ ನಿಲ್ಲುತ್ತಾಳೆ. ಕುರುಡನೂ ಗುರುತಿಸುವ ಚಪ್ಪಟೆ ತಲೆಯ ಮೀನು ತಂದ ದಿನವೂ ಅವಳು ಒಂದು ಮಾತಾಡದೆ, ಎರಡು ಹೆಬ್ಬೆರಳಿನಿಂದ ಅದರ ಬಾಯಿ ಅಗಲಿಸಿ ಅವನ ಮುಂದೆ ಹಿಡಿಯುತ್ತಾಳೆ. ಕ್ಲೈವ್ ಬಗ್ಗಿ ಆ ಬಾಯನ್ನೇ ನೋಡುತ್ತಾನೆ. ಅವಳ ಮುಖ ನೋಡಲು ಅವನಿಗೆ ಇನ್ನೂ ಆಗಿಲ್ಲ.