ಚಿಕ್ಕಿ ತೂತಿನ ಬಿಲ್ಲೆ

ಚಕ್ಕಲಿ ಒತ್ತುವ ಒರಳಿನ ತಳದಲ್ಲಿ ಕೂರುವ ಹಿತ್ತಾಳೆ ಬಿಲ್ಲೆಯನ್ನು ಅವ್ವ ಎಲ್ಲಿಟ್ಟಳೋ ಏನೋ, ಬೈಲಹೊಂಗಲದ ನಮ್ಮ ಮನೆಯನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಅವ್ವನಿಗೆ ಮರೆವಿನ ಕಾಯಿಲೆ. ರೂಢಿಯ ಕೆಲಸಕ್ಕೆ ಹಚ್ಚಿದರೆ ನಮ್ಮ ಗುರುತಾದರೂ ಉಳಿದೀತು ಎಂದು ಕಿತ್ತೂರಿನ ಅಕ್ಕ ಫೋನಿನಲ್ಲಿ ಹೇಳಿದ್ದಳು. ನನಗೂ ಅದೊಂದೇ ಆಸೆ. ಅಂಗಡಿಯ ಬಿಲ್ಲೆ ಯಾವುದೂ ನಮ್ಮ ಹಳೆಯ ಒರಳಿಗೆ ಹೊಂದಲಿಲ್ಲ. ನಾನೇ ಕೊರೆಯುತ್ತೇನೆ ಎಂದು ಡ್ರಿಲ್ ಮಷಿನ್ ತೆಗೆದೆ. ಯಾಕೆ ಬೇಕಿತ್ತೋ ಈ ಉಸಾಬರಿ!

ನಡುವೆ ಚಿಕ್ಕಿ ಇರಬೇಕು ಎಂದಿದ್ದಳು ಅವ್ವ. ನಮ್ಮ ಕಡೆ ಚಿಕ್ಕಿ ಎಂದರೆ ನಕ್ಷತ್ರ. ರಂಗೋಲಿಗೆ ಇಡುವ ಚುಕ್ಕಿಯೂ ಚಿಕ್ಕಿಯೇ. ನಾನು ನಕ್ಷತ್ರ ಹಿಡಿದೆ. ಡಬ್ಬಿಯ ಮುಚ್ಚಳಕ್ಕೆ ಡ್ರಿಲ್ ಕಚ್ಚಿದ್ದೇ ತಡ, ತಗಡು ಗಿರ್ರನೆ ತಿರುಗಿ ಬೆರಳು ಕೊಯ್ದಿತು. ಅಂತೂ ಮಕ್ಕಳು ಬರೆಯುವಂಥ ಐದು ಮೂಲೆಯ ನಕ್ಷತ್ರ ಆಯಿತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ಯಾವೂರ ಚಿಕ್ಕಿನೋ ಮಳ್ಳ? ಸಣ್ಣಾಂವಿದ್ದಾಗಿಂದ ನೀ ಹಿಂಗ. ಒಂದ್ ಕೆಲಸಾನೂ ನೆಟ್ಟಗ ಮಾಡಂಗಿಲ್ಲ."

ಹಾಗಾದರೆ ಚುಕ್ಕಿಯೇ ಇರಬೇಕೆಂದು ದುಂಡನೆಯ ತೂತು ಕೊರೆದೆ. ಮುಳ್ಳಿಲ್ಲದ ಚಕ್ಕಲಿ ಯಾರು ತಿನ್ನುತ್ತಾರೆ ಎಂದು ಮತ್ತೆ ಮಂಗಳಾರತಿ. ನನ್ನ ತಲೆ ಕೆಟ್ಟು ಹೋಯಿತು. ನಕ್ಷತ್ರವೂ ಅಲ್ಲ, ಚುಕ್ಕಿಯೂ ಅಲ್ಲ, ಮತ್ತೇನು ನಿನ್ನ ಚಿಕ್ಕಿ ಎಂದು ನಾನೂ ರೇಗಿದೆ. ಅವಳಿಗೂ ಗೊತ್ತಿತ್ತೋ ಇಲ್ಲವೋ.

ಆಮೇಲೆ, ಎರಡೂ ಒಂದರಲ್ಲೇ ಬೇಕೇನೋ ಅನ್ನಿಸಿತು. ದಪ್ಪ ಹಿತ್ತಾಳೆ ತಗಡನ್ನು ಎರಡು ಹಲಗೆಗಳ ನಡುವೆ ಬಿಗಿದು, ಮೊದಲು ದುಂಡಗೆ ಕೊರೆದು, ಮೂರು ಮೂಲೆಯ ಸಣ್ಣ ಅರದಿಂದ ತೂತಿನ ಸುತ್ತ ಹಲ್ಲು ತೀಡಿದೆ. ತಗಡನ್ನು ದುಂಡಗೆ ಕತ್ತರಿಸಿ ಕೂರಿಸಿದರೆ ಒರಳಿಗೆ ಸರಿಯಾಗಿ ಕೂತಿತು. ಅವ್ವ ಹಿಟ್ಟು ತುಂಬಿ ಒತ್ತಿದಳು. ಚಕ್ಕಲಿ ಮುಳ್ಳುಮುಳ್ಳಾಗಿ ಸುತ್ತಿಕೊಳ್ಳುತ್ತ ಇಳಿಯಿತು. ಅವಳ ಕೈ ಏನನ್ನೂ ಮರೆತಿರಲಿಲ್ಲ. ನನಗೆ ಖುಷಿ ತಡೆಯಲಾಗದೆ ಅಕ್ಕನಿಗೆ ಫೋನ್ ಹಚ್ಚಲು ಎದ್ದೆ.

ಅಷ್ಟರಲ್ಲಿ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪರ ಗಂಡಸಿನೆದುರು ಕೂತಂತೆ ಸ್ವಲ್ಪ ಹಿಂದೆ ಸರಿದು ಕೂತಳು.

"ಭಾಳ ಚಲೋ ಮಾಡೀರಿ. ನನ್ನ ಮಗಗ ಹೇಳಿ ಹೇಳಿ ಸಾಕಾಗಿತ್ರಿ. ಅಂವಗ ಬರೂದ ಇಲ್ಲ."

ಬೈಯುವಷ್ಟು ಹೊತ್ತೂ ನಾನು ಅವಳ ಮಗನೇ ಆಗಿದ್ದೆ. ಈಗ ಹೌದ್ರಿ ಅನ್ನಬೇಕೋ, ಅವ್ವಾ ಅನ್ನಬೇಕೋ ತಿಳಿಯದೆ ನಿಂತೆ.