ಹೊರಮಾವಿನ ಶೆಡ್ಡಿನ ಹಿಂದೆ ಸುಟ್ಟ ಕವರುಗಳು

ಬೆಂಕಿ ಇಟ್ಟವಳು ನಾನು. ಜರೀನಾ ಅಲ್ಲ. ನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ. ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ, ತಪ್ಪು ಮಾತ್ರ ನನ್ನದೇ.

ಹೊರಮಾವಿನ ಒಣಕಸದ ಶೆಡ್ಡಿನಲ್ಲಿ ಕಸ ಬೇರ್ಪಡಿಸುವ ಹೆಂಗಸರಿಗೆ ನಾನು ಮೇಸ್ತ್ರಿ. ಓದಿದ್ದು ಮೂರನೇ ಕ್ಲಾಸು. ಸಹಿ ಹಾಕಲು ಬರುತ್ತದೆಂದು ಮೇಸ್ತ್ರಿ ಮಾಡಿದರು. ಆನ್‌ಲೈನಿನಲ್ಲಿ ಸಾಮಾನು ಮಾರುವ ಒಂದು ಕಂಪನಿ, ತಾನು ಸುತ್ತಿ ಕಳಿಸಿದಷ್ಟು ಪ್ಲಾಸ್ಟಿಕ್ಕನ್ನು ತಾನೇ ಮರುಬಳಕೆ ಮಾಡಿಸಬೇಕಂತೆ—ಕಾನೂನು. ಅದಕ್ಕೇ ದೊಡ್ಡನೆಕ್ಕುಂದಿಯ ಗೋದಾಮಿನಿಂದ ವಾರಕ್ಕೊಂದು ಲಾರಿ ನಮ್ಮಲ್ಲಿಗೆ ಬರುತ್ತಿತ್ತು. ರಟ್ಟಿಗೆ ಗಿರಾಕಿ ಇದ್ದರು. ಆದರೆ ಹೊರಗೆ ಕಾಗದ, ಒಳಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ ಕವರು—ಅದನ್ನು ಕಾಗದದವನೂ ಮುಟ್ಟುವುದಿಲ್ಲ, ಪ್ಲಾಸ್ಟಿಕ್‌ನವನೂ ಮುಟ್ಟುವುದಿಲ್ಲ.

ಕಂಪನಿಯ ಸೂಪರ್‌ವೈಸರ್ ಕವರಿನ ಮೂಟೆಯ ಮುಂದೆ ನಮ್ಮನ್ನು ನಿಲ್ಲಿಸಿ ಫೋಟೊ ಹೊಡೆಯುತ್ತಿದ್ದ. ಆಮೇಲೆ ಅದೇ ಮೂಟೆಯನ್ನು ಮಗ್ಗುಲು ತಿರುಗಿಸಿ ಇನ್ನೊಂದು. ಎಲ್ಲ ಮರುಬಳಕೆಗೆ ಹೋಯಿತು ಎಂಬ ಕಾಗದಕ್ಕೆ ನಾನು ಸಹಿ ಹಾಕುತ್ತಿದ್ದೆ. ಅವನು ಹೋದ ಮೇಲೆ ಶೆಡ್ಡಿನ ಹಿಂದೆ ಸುಡುತ್ತಿದ್ದೆ. ಮುಂದಿನ ಲಾರಿಗೆ ಜಾಗ ಆಗಬೇಕಲ್ಲ.

ಜರೀನಾ ಶಿವಾಜಿನಗರದಿಂದ ಎರಡು ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಿದ್ದಳು. ಗಂಡನಿಲ್ಲ, ಒಬ್ಬಳು ಮಗಳು. ಅವಳೊಬ್ಬಳೇ ಕೇಳಿದ್ದು: "ಸುಟ್ಟಿದ್ದಕ್ಕೆ ಸಹಿ ಯಾಕಾಕ್ತೀರ ಅಕ್ಕಾ? ಅವ್ರ ಕಸ, ಅವ್ರೇ ತಗೊಂಡೋಗ್ಲಿ."

"ನಿನ್ ಬಾಯಿಗೊಂದು ಕವರ್ ಸುತ್ತಿ ಅವ್ರಿಗೇ ಪಾರ್ಸೆಲ್ ಮಾಡ್ಬೇಕು ಕಣೇ," ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಒಂದು ಮಧ್ಯಾಹ್ನ ಹೊಗೆ ಎದುರಿನ ಅಪಾರ್ಟ್‌ಮೆಂಟಿಗೆ ನುಗ್ಗಿತು. ಯಾವುದೋ ಕೂಸಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದರಂತೆ. ಕಸದ ಕಚೇರಿಯ ಸಾಹೇಬರು ಬಂದರು. "ಯಾರಮ್ಮ ಹಚ್ಚಿದ್ದು?" ಜರೀನಾ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಳು. ನನ್ನ ಕೈ ತಾನಾಗಿ ಎದ್ದಿತು—ಇಲ್ಲ, ತಾನಾಗಿ ಅಲ್ಲ. ನಾನೇ ಎತ್ತಿ ತೋರಿಸಿದೆ.

"ಅವಳೇ ಸಾರ್. ಎಷ್ಟ್ ಹೇಳಿದ್ರೂ ಕೇಳಲ್ಲ."

ಅವತ್ತೇ ಅವಳನ್ನು ತೆಗೆದರು. ಈ ಕಡೆಯ ಯಾವ ಶೆಡ್ಡಿನವರೂ ಮತ್ತೆ ಸೇರಿಸಿಕೊಳ್ಳಲಿಲ್ಲ. ಕಂಪನಿಯವರನ್ನು ಯಾರೂ ಏನೂ ಕೇಳಲಿಲ್ಲ. ಅವರ ಕವರೆಲ್ಲ ಮರುಬಳಕೆಗೆ ಹೋಗಿದೆಯೆಂದು ನಾನೇ ಬರೆದುಕೊಟ್ಟಿದ್ದೆನಲ್ಲ.

ಹೋದ ತಿಂಗಳು ಜರೀನಾಳನ್ನು ಹುಡುಕಿಕೊಂಡು ಹೋದೆ. ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ನೆಲ ಒರೆಸುತ್ತಿದ್ದಳು. ಹೇಳಬೇಕಾದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ನನಗೆ ಗೊತ್ತಿತ್ತಲ್ಲ ಅಕ್ಕಾ," ಅಂದಳು. "ನನ್ ಮಗಳು ಇವತ್ತಿಗೂ ನನ್ನ ನಂಬಲ್ಲ. ಆ ಮಗೂನ ಉಸಿರು ಕಟ್ಟಿಸಿದ್ದು ನೀನೇ ಅಂತ ನನಗೇ ಹೇಳ್ತಾಳೆ." ಮತ್ತೆ ಒರೆಸತೊಡಗಿದಳು.

ಕಸದ ಕಚೇರಿಗೂ ಹೋಗಿ ಒಪ್ಪಿಕೊಂಡೆ. ಗುಮಾಸ್ತ ಫೈಲು ತಿರುವಿ ಹಾಕಿದ. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಸಹಿನೂ ನಿಮ್ದೇ. ಮನೆಗೋಗಿ."

ಸಹಿ ಹಾಕುವುದನ್ನು ನಿಲ್ಲಿಸಿದ್ದೇನೆ. ಲಾರಿ ನಿಂತಿಲ್ಲ. ಈಗ ನಮ್ಮಲ್ಲೇ ಕಸ ಆರಿಸುವ ಲಕ್ಷ್ಮಮ್ಮ ಹಾಕುತ್ತಾಳೆ.