ಈ ಕೈಗೆ ಬಳೆ ಬೇಡ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಾಂಡೂರಿನಲ್ಲಿ ನನ್ನ ಅಣ್ಣನ ಮಗಳು ರೇಖಾಳ ಕುಬಸ, ಅಂದರೆ ಸೀಮಂತ, ಇತ್ತು. ಚೊಚ್ಚಲ ಬಸುರಿ. ನಮ್ಮ ಕಡೆ ಕುಬಸದಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಿದ ಮೇಲೆ ಬಂದ ಮುತ್ತೈದೆಯರೂ ಎರಡೂ ಕೈಗೆ ಬಳೆ ತೊಡಿಸಿಕೊಳ್ಳಬೇಕು. ಬಳೆಗಾರನನ್ನು ಮನೆಗೇ ಕರೆಸುತ್ತಾರೆ. ಜಹೀರಾಬಾದಿನಲ್ಲಿ ಬಸ್ಸು ಹತ್ತಿದಾಗಿನಿಂದ ನನಗೆ ಅದೇ ಚಿಂತೆ.

ಯಾಕೆಂದರೆ, ಅದಕ್ಕೂ ಒಂದು ವರ್ಷ ಮೊದಲು ನನಗೆ ಎಡ ಸ್ತನದ ಕ್ಯಾನ್ಸರ್ ಆಗಿ ಹೈದರಾಬಾದಿನಲ್ಲಿ ಆಪರೇಷನ್ ಆಗಿತ್ತು. ಗಡ್ಡೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಆಗ ಮಗಳಿಗೆ ಗಂಡು ನೋಡುತ್ತಿದ್ದೆವು. ಸುದ್ದಿ ಹೊರಬಿದ್ದರೆ ಬಂದ ಸಂಬಂಧಗಳು ತಪ್ಪಿಹೋಗುತ್ತವೆ ಎಂದು ಎಲ್ಲರಿಗೂ ಪಿತ್ತಕೋಶದ ಕಲ್ಲು ಅಂದುಬಿಟ್ಟಿದ್ದೆವು. ಗಂಡ, ಮಗಳು ಬಿಟ್ಟರೆ ಅಣ್ಣನಿಗೂ ನಿಜ ಗೊತ್ತಿರಲಿಲ್ಲ.

ಕೆಲವು ತಿಂಗಳಲ್ಲಿ ಎಡಗೈ ಊದತೊಡಗಿತು. ಆಸ್ಪತ್ರೆಯ ಫಿಜಿಯೋಥೆರಪಿ ಮೇಡಂ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ರಕ್ತದಿಂದ ಒಸರಿ ಮಾಂಸದ ನಡುವೆ ಉಳಿದ ನೀರನ್ನು ದುಗ್ಧನಾಳಗಳೆಂಬ ಸಣ್ಣ ಸಣ್ಣ ಕೊಳವೆಗಳು ಎಳೆದುಕೊಳ್ಳುತ್ತವಂತೆ. ಆ ನೀರು ಕಂಕುಳು, ಕುತ್ತಿಗೆ, ತೊಡೆಸಂದಿನ ಗ್ರಂಥಿಗಳಲ್ಲಿ ಸೋಸಿಕೊಂಡು, ರೋಗಾಣುಗಳನ್ನು ಅಲ್ಲೇ ಕಳೆದುಕೊಂಡು, ಕೊರಳೆಲುಬಿನ ಹತ್ತಿರ ತಿರುಗಿ ರಕ್ತಕ್ಕೆ ಸೇರುತ್ತದೆ. ಇದಕ್ಕೆ ಹೃದಯದಂಥ ಪಂಪು ಇಲ್ಲ. ನಾಳಗಳು ಮೆಲ್ಲಗೆ ತಾವೇ ಹಿಂಡಿಕೊಳ್ಳುತ್ತವೆ, ನಾವು ಕೈಕಾಲು ಆಡಿಸಿ ಆಳವಾಗಿ ಉಸಿರಾಡಿದರೆ ಇನ್ನಷ್ಟು ಸಲೀಸು. ನನ್ನ ಕಂಕುಳಲ್ಲಿ ಆ ದಾರಿಯೇ ಕಡಿದುಹೋಗಿತ್ತು. ನೀರು ನಿಂತ ಕೈಗೆ ಗಾಯ ಆಗಬಾರದು, ಬಿಗಿ ಬಳೆ ಹಾಕಬಾರದು ಎಂದು ತಾಕೀತು ಮಾಡಿದ್ದರು.

ಆದರೂ ಒಮ್ಮೆ ಹೊಲದಲ್ಲಿ ಕಬ್ಬಿನ ಗರಿ ತಾಗಿ ಚರ್ಮ ಸೀಳಿತು. ಸಂಜೆಗೆ ಕೈ ಕೆಂಪಗೆ ಬೆಂಕಿಯಾಗಿ, ಚಳಿಜ್ವರ ಬಂದು ಆಸ್ಪತ್ರೆ ಸೇರಿದೆ. ಅವತ್ತೇ ನಿಶ್ಚಯ ಮಾಡಿದೆ, ಈ ಕೈಯನ್ನು ಇನ್ನು ಯಾರ ಮುಲಾಜಿಗೂ ಕೊಡುವುದಿಲ್ಲ.

ಕುಬಸಕ್ಕೆ ಉದ್ದ ತೋಳಿನ ರವಿಕೆ ತೊಟ್ಟು ಹೋದೆ. ಬಳೆಗಾರ ಬಲಗೈಗೆ ತೊಡಿಸಿ ಎಡಗೈ ಕೇಳಿದ. “ಈ ಕೈಗಿ ಬ್ಯಾಡಪ್ಪ” ಅಂದೆ.

ಪಕ್ಕದಲ್ಲೇ ಸಿರ್ಗಾಪುರದ ನಾಗಮ್ಮ ಕಾಕು ಕೂತಿದ್ದರು. ನನ್ನ ಚಿಕ್ಕಪ್ಪನ ಹೆಂಡತಿ. ನಮ್ಮ ಮನೆತನದ ಯಾವ ಕಾರ್ಯವೂ ಅವರ ಅಪ್ಪಣೆ ಇಲ್ಲದೆ ನಡೆಯುವುದಿಲ್ಲ.

“ಯಾಕ ಬ್ಯಾಡ? ಬಸುರಿ ಮುಂದ ಕೈ ಬೋಳು ಇಟ್ಕೊಂಡು ಕೂಡ್ತಿ ಏನ?”

“ಕೈ ಊದ್ಯಾದ್ರಿ ಕಾಕು.”

“ಊದಿದ್ರ ಸಾಬೂನ ಹಚ್ಚಿ ಏರಸ್ತಾನ. ಆಮ್ಯಾಲ ನಾ ಎಣ್ಣಿ ಹಚ್ಚಿ ಗಟ್ಟಿ ತಿಕ್ಕತೀನಿ, ಇಳಿತದ.”

ಬಳೆಗಾರ ಸಾಬೂನಿನ ಕೈಯಿಂದ ನನ್ನ ಮುಂಗೈ ಹಿಡಿದೇಬಿಟ್ಟ. ಕಾಕು ಈ ಕಡೆಯಿಂದ ಭುಜ ಹಿಡಿದರು. ಅವರದು ಪ್ರೀತಿಯೇ, ಆದರೆ ಅವರ ಪ್ರೀತಿಗೆ ಸಿಕ್ಕವರು ತಪ್ಪಿಸಿಕೊಳ್ಳುವುದು ಕಷ್ಟ. ಬೆರಳ ಗೆಣ್ಣಿನ ಮೇಲೆ ಬಳೆ ಸಿಕ್ಕಿ ಚಟ್ಟೆಂದು ಒಡೆಯಿತು. ಕೈ ಕಿತ್ತುಕೊಂಡು ತಿರುಗಿಸಿ ನೋಡಿದೆ. ಪುಣ್ಯಕ್ಕೆ ಗಾಜು ತಾಗಿರಲಿಲ್ಲ. ಕುಬಸದಲ್ಲಿ ಬಳೆ ಒಡೆದದ್ದು ಅಪಶಕುನವೆಂದು ಹೆಂಗಸರು ಗುಸುಗುಸು ಅಂದರು. ಬಳೆಗಾರ ಇನ್ನೊಂದು ಬಳೆ ಎತ್ತಿಕೊಂಡ.

ಸುಮ್ಮನಿದ್ದರೆ ಕೈ ಹೋಗುತ್ತದೆ, ನಿಜ ಹೇಳಿದರೆ ಮಗಳಿಗೆ ಮಾತಾಡಿದ್ದ ಸಂಬಂಧ ಹೋಗಬಹುದು. ನಾನು ಎದ್ದು ನಿಂತೆ. ರವಿಕೆಯ ತೋಳು ಮೇಲೇರಿಸಿ, ಊತ ಇಳಿಯಲೆಂದು ಹಾಕಿದ್ದ ಆಸ್ಪತ್ರೆಯ ಪಟ್ಟಿಯನ್ನು ತೋರಿಸಿದೆ.

“ನನಗ ಕ್ಯಾನ್ಸರ್ ಆಗಿತ್ತು. ಎದಿ ಆಪರೇಷನ್ ಆಗ್ಯಾದ. ಬಗಲಾಗಿನ ಗಂಟು ತೆಗದಾರ. ಈ ಕೈಗಿ ಗಾಯ ಆದ್ರ ಜೀವಕ್ಕ ಬರ್ತದ. ಬಳಿ ಹಾಕ್ಕೊಳಲ್ಲ. ಇವತ್ತಲ್ಲ, ಯಾವತ್ತೂ.”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ರೇಖಾಳೇ, “ಅತ್ತಿ, ಇಲ್ಲಿ ಬರ್ರಿ. ನನಗ ಆರತಿ ನೀವೇ ಮಾಡ್ರಿ” ಅಂದಳು. ಮಾಡಿದೆ.

ಊಟದ ಹೊತ್ತಿನಲ್ಲಿ ಕಾಕು ನನ್ನನ್ನು ಒಳಕೋಣೆಗೆ ಕರೆದು ಚಿಲಕ ಹಾಕಿದರು. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ನನ್ನ ಬಲಗೈ ತೆಗೆದುಕೊಂಡು ತಮ್ಮ ಎದೆಯ ಪಕ್ಕಕ್ಕೆ ಒತ್ತಿದರು. ಬೆರಳಿಗೆ ಸಣ್ಣ ಗಂಟೊಂದು ಗಟ್ಟಿಯಾಗಿ ಸಿಕ್ಕಿತು.

“ನೋವು ಇಲ್ಲ, ಅದಕ್ಕ ಸುಮ್ಮ ಇದ್ದೆ. ನಿನಗೂ ಹಿಂಗೇ ಇತ್ತೇನ?” ಇಡೀ ಮನೆಯನ್ನು ಗದರಿಸುವ ಹೆಂಗಸು ಪಿಸುಗುಡುತ್ತಿದ್ದರು.

“ಹಿಂಗೇ ಇತ್ರಿ. ನಾಳೆ ದವಾಖಾನಿಗಿ ಹೋಗೋಣ.”

“ಮಂದಿಗಿ ಏನ್ ಹೇಳೂದು?”

“ಏನದ ಅದೇ ಹೇಳೂದು.”

ಮರುದಿನ ಅವರನ್ನು ಸಿರ್ಗಾಪುರಕ್ಕೆ ಹೋಗಗೊಡದೆ ಹೈದರಾಬಾದಿಗೆ ಕರೆದುಕೊಂಡು ಹೋದೆ. ಅದೇ ರೋಗ. ಆದರೆ ಗಡ್ಡೆ ಇನ್ನೂ ಚಿಕ್ಕದು. ಗಡ್ಡೆಯ ಜೊತೆ, ಸ್ತನದ ನೀರು ಮೊದಲು ಮುಟ್ಟುವ ಕಂಕುಳಿನ ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದರು. ರೋಗ ಅಲ್ಲಿಗೆ ತಲುಪಿರಲಿಲ್ಲ, ಹಾಗಾಗಿ ಉಳಿದವನ್ನು ಮುಟ್ಟಲಿಲ್ಲ. ಅವರ ಕೈ ಊದಲಿಲ್ಲ.

ಇತ್ತ ಸುದ್ದಿ ಹರಡಿ, ನನ್ನ ಮಗಳಿಗೆ ಮಾತಾಡಿದ್ದ ಸಂಬಂಧ ತಪ್ಪಿತು. “ಹೋಗ್ಲಿ ಬಿಡವ್ವ” ಎಂದು ಅವಳು ಅಂದರೂ ನಾನು ಅತ್ತೆ. ಆದರೆ ಅವತ್ತು ಬಾಯಿ ಬಿಟ್ಟೆನಲ್ಲ ಎಂದು ಒಂದು ದಿನವೂ ಮರುಗಿಲ್ಲ.

ಈಗ ಕಾಕು ನಾರಾಯಣಖೇಡಕ್ಕೆ ಬಂದು ಬಸ್ಸು ಹಿಡಿದು ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಕೈ ನೀವುತ್ತಾರೆ. ಎಣ್ಣೆ ಇಲ್ಲ, ಗಟ್ಟಿ ತಿಕ್ಕುವುದಿಲ್ಲ. ಮೊದಲು ಕುತ್ತಿಗೆ, ಆಮೇಲೆ ಭುಜ, ಕೊನೆಗೆ ಮುಂಗೈ, ಹಗುರಾಗಿ ಮೇಲ್ಮುಖವಾಗಿ. ಇದನ್ನು ನಾನು ಅವರಿಗೆ ಕಲಿಸಿದಾಗ, “ಮುಂದಿನ ಕಾಲುವಿ ಬಿಡಿಸಿ ಹಿಂದಿನ ನೀರು ಬಿಡೂದು, ಅಷ್ಟೇ ಅಲ್ಲೇನ?” ಅಂದಿದ್ದರು. ನೀವುವಾಗ ಅವರ ಎರಡೂ ಕೈಯ ಬಳೆಗಳು ಸದ್ದು ಮಾಡುತ್ತವೆ.

ಮೊನ್ನೆ ರೇಖಾಳ ಮಗುವಿನ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದೆವು. ಅದೇ ಬಳೆಗಾರ ಬಂದಿದ್ದ. ಮರೆತು ನನ್ನ ಎಡಗೈಗೆ ಕೈ ಚಾಚಿದ. ನಾನು ಬಾಯಿ ತೆರೆಯುವ ಮೊದಲೇ ಕಾಕು ನಡುವೆ ಕೈ ಅಡ್ಡ ಇಟ್ಟು, “ಆ ಕೈಗಿ ಬ್ಯಾಡ” ಅಂದರು.